ತೊಲಿ ಮ್ಯಾಲಿನ ಹಾಲಕ್ಕಿ

ನಾನು ಓದಿದ್ದು ಎರಡನೇ ಇಯತ್ತೆ. ಕತಿ ಕಟ್ಟಿ ಬರ್ಯಾಕ ನನಗ ಬರಂಗಿಲ್ಲ, ಕಂಡಿದ್ದಷ್ಟ ಬರೀತೇನಿ. ನಂಬದಿದ್ರ ಬಿಡ್ರಿ. ಯಾರ ಸಲುವಾಗಿ ಆ ರಾತ್ರಿ ಕುಂತಿದ್ದೆನೋ, ಆ ನನ್ನ ಮೊಮ್ಮಗಳು ಈಗ ತೊಡಿಮ್ಯಾಲೆ ಕುಂತು ನನ್ನ ಚಾಳೀಸು ಕಸಗೊಳ್ಳಾಕತ್ತಾಳ. ಎರಡು ಹಲ್ಲು ಬಂದಾವ. ಆಕಿ ನಕ್ಕರ ನನಗ ಊಟಾನೂ ಬ್ಯಾಡ.

ಎಂಟು ತಿಂಗಳಿಗೇ ಹುಟ್ಟಿದ ಕೂಸು. ಹಾನಗಲ್ಲ ದವಾಖಾನಿಯಿಂದ ಕಳಿಸುವಾಗ ಡಾಕ್ಟರು ಹೇಳಿದ್ರು, ಥಂಡಿ ತಾಗಿದ್ರ ಉಳಿಯೂದು ಕಷ್ಟ ಅಂತ. ಅದಕ್ಕ ಮಗಳು ಸುಮಾನ್ನ, ಕೂಸಿನ್ನ ಒಳಖೋಲಿಯೊಳಗ ಬೆಚ್ಚಗ ಇಟ್ಟಿದ್ದೆ.

ಐದನೇ ದಿನ ರಾತ್ರಿ ಸೆಟಿಗೆವ್ವ ಬಂದು ಕೂಸಿನ ಹಣೆಬರಹ ಬರೀತಾಳಂತ ನಮ್ಮ ಕಡೆ ತೊಟ್ಟಿಲ ಕೆಳಗ ದೀಪ, ಖಾಲಿ ಹಾಳಿ, ಪೆನ್ನು ಇಡ್ತಾರ. ನಾನೂ ಇಟ್ಟೆ. ಹೊತ್ತು ಮುಳುಗೂದಕ್ಕ ಬೆಳಕಿಂಡಿಯಿಂದ ಒಂದು ಹಾಲಕ್ಕಿ ಒಳಗ ಬಂತು. ಮುಷ್ಟಿಯಷ್ಟು ಗೂಗಿ, ಮೈತುಂಬ ಕಂದು ಪಟ್ಟಿ. ಅಡವಿ ಬಿಟ್ಟು ಬರೂದಲ್ಲ ಅದು. ತೊಲಿ ಮ್ಯಾಲೆ ಕುಂತು, ಕುರ್... ಕುರ್... ಕುರ್...

ಬಾಜು ಮನಿಯಾಗಿರೂ ನನ್ನ ನೆಗೆಣ್ಣಿ ಗಂಗಕ್ಕನ ಮಾರಿ ಬಿಳಚಿತು. ಗೂಗಿ ಹೊಕ್ಕ ಮನಿಗೆ ಮೂರು ತಿಂಗಳು ಕೀಲಿ ಹಾಕಬೇಕು, ಈಗಿಂದೀಗ ಕೂಸಿನ ತಗೊಂಡು ಗುಡಿ ಕಟ್ಟಿಗಿ ನಡೀರಿ ಅಂತ ಹಟ ಹಿಡಿದ್ಲು. ಹೊರಗ ಮಾಗಿ ಥಂಡಿ.

"ಹಕ್ಕಿ ಬಂತಂತ ಕೂಸಿನ ಹೊರಗ ಹಾಕಂಗಿಲ್ಲ ಯಕ್ಕಾ. ಅಂಜಿಕಿ ಬಂದ್ರ ನೀ ಹೋಗಿ ಮಲಗು."

"ನಾಳೆ ಅಳಕೋತ ಬಂದ್ರ ನಾ ಬಾಗಿಲಾ ತಗಿಯಂಗಿಲ್ಲ ನೀಲಾ."

"ತಗೀಬ್ಯಾಡ. ನಾ ನಗೂದು ಕೇಳಿದ್ರ ಕಿವಿ ಮುಚ್ಕೊ."

ಆಕಿ ಹೋದ್ಲು. ನಾನು ಅಗಳಿ ಹಾಕಿ ತೊಟ್ಟಿಲಿಗೆ ಆನಿಕೊಂಡು ಕುಂತೆ.

ನಡುರಾತ್ರಿ ಹಕ್ಕಿ ಒಮ್ಮೆಲೆ ಕೂಗೂದು ನಿಲ್ಲಿಸ್ತು. ಮಾರಿ ಬಾಗಿಲ ಕಡೆ ತಿರುಗ್ತು... ಅಗಳಿ ಹಾಕಿದ್ದು ಹಂಗ ಇತ್ತು. ಆಮ್ಯಾಲೆ ಅದರ ಮಾರಿ ಸಾವಕಾಶ ಈ ಕಡೆ ಹೊರಳಾಕತ್ತಿತು. ಯಾರೋ ನಡಕೊಂತ ಬರೂದನ್ನ ನೋಡಿದಂಗ. ಅಲ್ಲಿ ಯಾರೂ ಇರಲಿಲ್ಲ. ಕೂಸಿಗೆ ಹಾಕಿದ್ದ ಓಮಿನಕಾಳಿನ ಹೊಗಿ ವಾಸನಿ ಹೋಗಿ ಹಸಿ ಮಣ್ಣಿನ ವಾಸನಿ ಬಂತು. ಹಕ್ಕಿ ನೋಟ ತೊಟ್ಟಿಲ ಕೆಳಗ ಬಂದು ನಿಂತಿತು... ದೀಪ ಆರ್ತು.

ಕತ್ತಲಾಗ ಹಾಳಿ ಮ್ಯಾಲೆ ಪೆನ್ನಿನ ಸಪ್ಪಳ. ಚರ್... ಚರ್...

"ಯವ್ವಾ, ಯಾರು ಬರ್ಯಾಕತ್ತಾರ?" ಸುಮಾ ಪಿಸುಗುಟ್ಟಿದ್ಲು.

ನನಗ ಅಂಜಿಕಿಗಿಂತ ಸಿಟ್ಟು ಮೊದಲು ಬಂತು. ತಡಕಾಡಿ ಹಾಳಿ ಮ್ಯಾಲೆ ಅಂಗೈ ಒತ್ತಿದೆ. "ಒಳ್ಳೇದಿದ್ರ ಬರಿ. ಕೆಟ್ಟದ್ದಕ್ಕ ಇಲ್ಲಿ ಜಾಗಾ ಇಲ್ಲ."

ಸಪ್ಪಳ ನಿಂತಿತು. ಕೈಯ ಹಿಂಬದಿ ಮ್ಯಾಲೆ ತಣ್ಣಗ ಏನೋ ಹರದಾಡ್ತು... ಉದ್ದಕ, ಸಾವಕಾಶ. ನಾ ಕೈ ತಗೀಲಿಲ್ಲ. ಹಕ್ಕಿ ಒಮ್ಮೆ ಕುರ್ ಅಂದು ಬೆಳಕಿಂಡಿಯಾಗ ರೆಕ್ಕಿ ಬಡದು ಹೋತು.

ಬೆಳಗಾದ ಮ್ಯಾಲೆ ನೋಡಿದ್ರ ಹಾಳಿ ಖಾಲಿ. ನನ್ನ ಕೈಯ ಹಿಂಬದಿ ಮ್ಯಾಲೆ ಮೂರು ಸಾಲು ನೀಲಿ ಗೀಟು. ನನಗ ಓದಾಕ ಬರಲಿಲ್ಲ. ಡಿಗ್ರಿ ಮಾಡಿದ ಸುಮಾಗೂ ಬರಲಿಲ್ಲ. ಒಂಬತ್ತು ದಿನ ತಿಕ್ಕಿ ತೊಳದ ಮ್ಯಾಲೆ ಹೋತು.

ಹಕ್ಕಿ ಸೆಟಿಗೆವ್ವನ್ನ ಕರಕೊಂಡು ಬಂತೋ, ಆಕಿ ಬಂದ್ಲಂತ ನನಗ ತೋರಿಸಾಕ ಬಂತೋ, ಗೊತ್ತಿಲ್ಲ. ಈಗೂ ಒಂದೊಂದು ಸಂಜಿ ಆ ಹಕ್ಕಿ ಹಿತ್ತಲ ಹುಣಸಿಮರದಾಗ ಕುಂತು ನನ್ನ ಕೈನ ನೋಡತೈತಿ. ಕೂಸಿಗೆ ಬರ್ಯೂದು ನನಗ ಬರದ್ಲೇನೋ. ಹಂಗಿದ್ರ ಇರ್ಲಿ, ಆ ಹಣೆಬರಹ ನಾ ತಗೋತೇನಿ. ಆದ್ರ ಈಕಿ ಬಾಯಿಂದ ಆಯಿ ಅನ್ನಿಸಿಕೊಳ್ಳೂತನಕ ಯಾರು ಬಂದು ಕರದ್ರೂ ನಾ ಏಳಂಗಿಲ್ಲ.