ಅಕ್ಕನ ಕಾಯಿಲೆ, ನನ್ನ ಗ್ಯಾಸು

ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಹೋಗುವ ಬಸ್ಸಿನಲ್ಲಿ ಮೊನ್ನೆ ಹೆಂಗಸೊಬ್ಬಳು ನನ್ನ ಪಕ್ಕ ಬಂದು ಕುಳಿತಳು. ಮಡಿಲಲ್ಲಿ ಬೀಡಿ ಎಲೆಯ ಕಟ್ಟು, ಅದರ ಮೇಲೆ ಹೊಗೆಸೊಪ್ಪಿನ ಪೊಟ್ಟಣ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಪಾಣೆಮಂಗಳೂರಿನ ನಮ್ಮ ಹಳೆಯ ಜಗಲಿ ನೆನಪಾಯಿತು. ಅಲ್ಲಿ ನನ್ನ ಎದುರು ಕುಳಿತು ಬೀಡಿ ಕಟ್ಟುತ್ತಿದ್ದ ಪಕ್ಕದ ಮನೆಯ ಅಕ್ಕನೂ...

ಬಾಯಿತುಂಬ ಅಕ್ಕ ಎನ್ನುತ್ತಿದ್ದೆ, ಒಳಗೆ ಇದ್ದದ್ದು ಹೊಟ್ಟೆಕಿಚ್ಚು. ಈಗ ಮುಚ್ಚಿಟ್ಟು ಏನು ಪ್ರಯೋಜನ? ಅವರ ಗಂಡ ದುಬೈಯಲ್ಲಿದ್ದರು. ದಿನಾ ಸಂಜೆ ಮಗ್ರಿಬ್ ನಮಾಜು ಮುಗಿಯುವ ಹೊತ್ತಿಗೆ ತಪ್ಪದೆ ಫೋನ್ ಬರುತ್ತಿತ್ತು. ನನ್ನ ಗಂಡ ಒಂದೇ ಸೂರಿನಡಿ ಇದ್ದೂ ದಿನಕ್ಕೆ ನಾಲ್ಕು ಮಾತು ಆಡುತ್ತಿರಲಿಲ್ಲ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಅಕ್ಕನ ಕಟ್ಟುಗಳನ್ನು ಬಿಚ್ಚಿಯೂ ನೋಡದೆ ತೆಗೆದುಕೊಳ್ಳುತ್ತಿದ್ದರು, ನನ್ನದರಲ್ಲಿ ಮಾತ್ರ ಹುಳುಕು ಹುಡುಕುತ್ತಿದ್ದರು. ಅಷ್ಟನ್ನೂ ಸಹಿಸಿಕೊಂಡಿದ್ದೆ. ಸಹಿಸಲಾಗದೆ ಹೋದದ್ದು ಅವರ ಕಾಯಿಲೆಯನ್ನು.

ಒಂದು ಮದುವೆ ಹಾಲ್‌ನಲ್ಲಿ ಅವರಿಗೆ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು, ಕೈ ಜೋಮು ಹಿಡಿದು, ಉಸಿರು ಸಿಗದಂತಾಯಿತು. ಸತ್ತೇ ಹೋಗುತ್ತೇನೆ ಎನ್ನುತ್ತಾ ಕುಸಿದರು. ಇಸಿಜಿಯಲ್ಲಿ ಏನೂ ಇರಲಿಲ್ಲ. ಮತ್ತೆ ಎರಡು ಸಲ ಹಾಗೆಯೇ ಆದಾಗ, ಹೃದಯ ಸರಿಯಾಗಿದೆ, ಮನಸ್ಸಿನ ಡಾಕ್ಟರನ್ನು ನೋಡಿ ಎಂದರಂತೆ. ಗಂಡ ದುಬೈಯಿಂದಲೇ ಕಾರು ಗೊತ್ತುಮಾಡಿ ಕಳಿಸಿದರು. ಅಕ್ಕ ಮನೆಯಲ್ಲಿ ಅತ್ತೆಗೆ ಇದು ಪ್ರೆಶರಿನ ಮಾತ್ರೆ ಎಂದು ಹೇಳಿದ್ದರು. ನಿಜ ಹೇಳಿದ್ದು ನನಗೊಬ್ಬಳಿಗೆ. ಇದು ಪ್ಯಾನಿಕ್ ಅಟ್ಯಾಕ್ ಅಂತೆ, ಹೆದರಿಕೆ ಏರುತ್ತದಂತೆ, ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದಂತೆ, ಇದರಿಂದ ಸಾಯುವುದಿಲ್ಲವಂತೆ...

ನನ್ನ ಕೈಯಲ್ಲಿದ್ದ ಎಲೆ ಹರಿಯಿತು. ಅವರು ಹೇಳಿದ್ದೆಲ್ಲ ನನಗೂ ಆಗುತ್ತಿತ್ತು. ಸೇತುವೆಯ ಮೇಲೆ, ಬಸ್ಸಿನಲ್ಲಿ, ಒಮ್ಮೆ ರೇಷನ್ ಅಂಗಡಿಯ ಸಾಲಿನಲ್ಲಿ. ನಮ್ಮ ಕಡೆ ಎದೆಯಲ್ಲಿ ಏನೇ ಆದರೂ ಗ್ಯಾಸ್. ನನಗೂ ಅದೇ. ಓಮದ ನೀರು, ಬೆನ್ನಿಗೆ ನಾಲ್ಕು ಗುದ್ದು, ಚಿಕಿತ್ಸೆ ಮುಗಿಯಿತು. ಅವರಿಗೆ ಡಾಕ್ಟರು, ಕಾರು, ಇಂಗ್ಲಿಷಿನಲ್ಲಿ ಹೆಸರಿರುವ ಕಾಯಿಲೆ. ಹೊಟ್ಟೆ ಉರಿಯದೆ ಇದ್ದೀತೇ?

ಅಕ್ಕ ಮಾತ್ರೆ ತಪ್ಪಿಸುತ್ತಿರಲಿಲ್ಲ. ನಿಧಾನವಾಗಿ ಉಸಿರಾಡಲು ಡಾಕ್ಟರು ಕಲಿಸಿದ್ದನ್ನು ಅವರು ಬೀಡಿಗೆ ಹೊಂದಿಸಿಕೊಂಡಿದ್ದರು. ಎಲೆ ಸುರುಟುವಾಗ ಉಸಿರು ಒಳಗೆ, ನೂಲು ಸುತ್ತುವಾಗ ಮೆಲ್ಲಗೆ ಹೊರಗೆ. ಹೆದರಿ ಬಿಟ್ಟಿದ್ದ ಬಸ್ಸನ್ನೂ ಮತ್ತೆ ಹತ್ತತೊಡಗಿದರು, ಮೊದಲು ಒಂದೇ ಸ್ಟಾಪು, ಮುಂದಿನ ವಾರ ಎರಡು. ಅವರ ಮುಖ ತಿಳಿಯಾಗುತ್ತಾ ಬಂದ ಹಾಗೆ ನನ್ನದು ಕಪ್ಪಿಡುತ್ತಿತ್ತು. ಎದುರು ಕುಳಿತು ಅವರ ಉಸಿರನ್ನು ಕದ್ದು ನೋಡಿ ಕಲಿತೆ. ನನಗೂ ಅದರಿಂದ ಎಷ್ಟೋ ಹಗುರವಾಯಿತು. ಒಂದು ದಿನವೂ ಹೇಳಲಿಲ್ಲ.

ಅವರಿಗೆ ಗೊತ್ತಾಗಿತ್ತು. ಬ್ರಾಂಚಿನ ಸಾಲಿನಲ್ಲಿ ನಿಂತಿದ್ದಾಗ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ನಿನಗೂ ಹೀಗೆ ಆಗುವುದುಂಟಲ್ಲ? ಸೇತುವೆಯಲ್ಲಿ ನಿನ್ನ ಮುಖ ನೋಡಿದ್ದೇನೆ. ಬುಧವಾರ ನನ್ನೊಟ್ಟಿಗೆ ಬಾ, ಹೋಗುವ."

ಸುಮ್ಮನಿರಬಹುದಿತ್ತು. ಆಗಷ್ಟೇ ನನ್ನ ಎರಡು ಕಟ್ಟು ಬೀಡಿಯನ್ನು ವಾಪಸು ಎಸೆದಿದ್ದರು, ಅವರದ್ದು ಎಂದಿನಂತೆ ಪಾಸಾಗಿತ್ತು. ಕಾಯಿಲೆಯಲ್ಲೂ ಇವರು ನನಗೆ ದಾರಿ ತೋರಿಸಬೇಕೇ ಎನ್ನಿಸಿ ಮೈ ಉರಿಯಿತು.

"ನನಗೆ ಗ್ಯಾಸ್ ಅಷ್ಟೇ," ಎಂದೆ, ಸಾಲಿಗೆಲ್ಲ ಕೇಳುವ ಹಾಗೆ. "ನಿಮ್ಮ ಹಾಗೆ ತಲೆಯ ಡಾಕ್ಟರತ್ರ ಹೋಗಿ ಮಾತ್ರೆ ತಿನ್ನುವಷ್ಟು ನನಗೆ ಏನೂ ಆಗ್ಲಿಲ್ಲ."

ಅಕ್ಕ ಬುಟ್ಟಿ ಎತ್ತಿಕೊಂಡು ಹೋದರು.

ಸಂಜೆಯೊಳಗೆ ಮಾತು ಅವರ ಅತ್ತೆಯನ್ನು ಮುಟ್ಟಿತು. ಮದುವೆಗೆ ಬಂದ ಮಗಳಿರುವ ಮನೆ. ತಾಯಿಗೆ ತಲೆ ಸರಿಯಿಲ್ಲ ಎಂದಾದರೆ ಸಂಬಂಧ ಯಾರು ತರುತ್ತಾರೆ ಎಂದು ಆ ಮುದುಕಿ ಮಾತ್ರೆಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿದರು. ಥಟ್ಟನೆ ನಿಲ್ಲಿಸಬಾರದು ಎಂದು ಡಾಕ್ಟರು ಹೇಳಿದ್ದು ನನಗೆ ಗೊತ್ತಿತ್ತು. ಆದರೂ ಹೋಗಿ ಹೇಳಲಿಲ್ಲ. ಕೆಲವೇ ವಾರಗಳಲ್ಲಿ ಅಕ್ಕ ಬಸ್ಸು ಬಿಟ್ಟರು, ಆಮೇಲೆ ಬ್ರಾಂಚು, ಕೊನೆಗೆ ಜಗಲಿ. ಅತ್ತೆ ಅವರನ್ನು ಕಕ್ಕಿಂಜೆಯ ತವರಿಗೆ ಕಳಿಸಿದರು. ಗಂಡ ರಜೆಯಲ್ಲಿ ಬಂದಾಗ ನಮ್ಮ ಅಂಗಳದ ಬದಿಯಲ್ಲೇ ಹಾದುಹೋದರು, ಮುಖ ಎತ್ತಿ ನೋಡಲಿಲ್ಲ. ಕಕ್ಕಿಂಜೆ ಏನು ದೂರವೇ? ಈ ವಾರ, ಮುಂದಿನ ವಾರ ಎನ್ನುತ್ತಲೇ ಇದ್ದೆ... ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಕಿಡ್ನಿಯ ತೊಂದರೆಯಂತೆ. ಮಾತ್ರೆ ಮತ್ತೆ ಸಿಕ್ಕಿತ್ತೋ, ಬಸ್ಸು ಮತ್ತೆ ಹತ್ತಿದರೋ, ಯಾರನ್ನು ಕೇಳಲಿ?

ಮೊನ್ನೆ ನಾನು ಹೊರಟಿದ್ದದ್ದು ಅಂಥದೇ ಮನಸ್ಸಿನ ಡಾಕ್ಟರ ಬಳಿಗೆ, ಇಷ್ಟು ವರ್ಷದ ಮೇಲೆ, ನಾನೀಗ ಇರುವ ಮಿಜಾರಿನ ಮಗಳ ಮನೆಯಲ್ಲೂ ಯಾರಿಗೂ ಹೇಳದೆ. ಡಾಕ್ಟರ ಕೋಣೆಯ ಹೊರಗೆ ಬೆಂಚಿನಲ್ಲಿ ನನಗಿಂತ ಮುಂದಿನ ಸರದಿಯ ಹೆಂಗಸಿನ ಜೊತೆ ಅವಳ ನೆರೆಮನೆಯವಳು ಬಂದಿದ್ದಳು. ಕೈ ಹಿಡಿದುಕೊಂಡು ಏನೋ ಹೇಳಿ ನಗಿಸುತ್ತಿದ್ದಳು. ಅದನ್ನು ನೋಡಿ ಈ ವಯಸ್ಸಿನಲ್ಲೂ ನನಗೆ ಹೊಟ್ಟೆ ಉರಿಯಿತು.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಎಲ್ಲ ಕೇಳಿ ಬರೆದುಕೊಂಡು, ಇದು ವಾಸಿಯಾಗುವಂಥದ್ದೇ ಎಂದಳು. ಮುಂದಿನ ಸಲ ಬರುವಾಗ ನಿಮ್ಮ ವಿಷಯ ಗೊತ್ತಿರುವವರು ಯಾರಾದರೂ ಇದ್ದರೆ ಜೊತೆಗೆ ಕರೆದುಕೊಂಡು ಬನ್ನಿ ಎಂದಳು.

ಒಬ್ಬರಿದ್ದರು ಎಂದೆ.