ಹಿಟ್ಟಿನ ಗಿರಣಿಯ ಶಾಲೆಗೆ ಕರೆಂಟಿನ ಕಾಟ

ಯರಗುಪ್ಪಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹಿಟ್ಟಿನ ಗಿರಣಿಯ ಪಟ್ಟಾ ಆಗಲೇ ಪಟಪಟ ಬಡಿಯುತ್ತಿದೆ. ಹಸನಬಿ ಮೂಗಿಗೆ ಸೆರಗು ಸುತ್ತಿಕೊಂಡು ಒಂದು ಕೈಯಲ್ಲಿ ಜೋಳ ಸುರಿಯುತ್ತಾರೆ. ಇನ್ನೊಂದು ಕೈಯ ಬೆರಳುಗಳಲ್ಲಿ ಇಳಿಯುವ ಹಿಟ್ಟನ್ನು ಹೊಸಕಿ ನೋಡುತ್ತಾರೆ. ಹುಬ್ಬು, ರೆಪ್ಪೆ, ಕಿವಿಯ ಓಲೆ ಎಲ್ಲವೂ ಬೆಳ್ಳಗೆ. ಜೋಳದ ಪಾಳಿ ಮುಗಿದು ಗೋದಿಯ ಬುಟ್ಟಿ ಬಂದಾಗ, ಮೊದಲು ತಮ್ಮ ಡಬ್ಬಿಯಿಂದ ಒಂದು ಹಿಡಿ ಗೋದಿ ಹಾಕಿ ಕಲ್ಲನ್ನು ಚೊಕ್ಕ ಮಾಡಿಕೊಳ್ಳುತ್ತಾರೆ. "ಒಬ್ಬರ ಗೋದಿಗೆ ಇನ್ನೊಬ್ಬರ ಜ್ವಾಳ ಕೂಡಬಾರದ್ರಿ. ಚಪಾತಿ ಕೆಟ್ರ ಬೈಗಳಾ ಆ ಮನಿ ಸೊಸಿಗಿ ಬೀಳ್ತಾವು" ಎನ್ನುತ್ತಾರೆ.

ನಡುನಡುವೆ ತಲೆಯೆತ್ತಿ ಮಾಡಿಗೆ ತೂಗುಬಿಟ್ಟ ಬಲ್ಬನ್ನು ನೋಡುತ್ತಾರೆ. ಬಲ್ಬು ಒಮ್ಮೆಯೂ ಮಿಣುಕದೆ ಉರಿಯುತ್ತಲೇ ಇದೆ. "ಇವತ್ತೂ ಹೋಗೂದಿಲ್ಲ ಬಿಡ್ರಿ, ಕರೆಂಟ್" ಎಂದು ನಿಟ್ಟುಸಿರು ಬಿಡುತ್ತಾರೆ. ಕರೆಂಟ್ ಹೋಗಲಿ ಎಂದು ಹಂಬಲಿಸುವ ಗಿರಣಿಯವರನ್ನು ನಾನು ಕಂಡದ್ದು ಇದೇ ಮೊದಲು.

ಇದಕ್ಕೊಂದು ಕಾರಣವಿದೆ. ಐದು ವರ್ಷದಿಂದ ಈ ಗಿರಣಿಯೊಳಗೆ ಒಂದು ಶಾಲೆ ನಡೆಯುತ್ತಿದೆ. ಮೊದಲೆಲ್ಲ ಬೆಳಿಗ್ಗೆ ದಿನವೂ ಕರೆಂಟ್ ಕೈಕೊಡುತ್ತಿತ್ತು. ಬುಟ್ಟಿ ಪಾಳಿಗಿಟ್ಟ ಹೆಂಗಸರು ಸುಮ್ಮನೆ ಕೂತಿರಬೇಕು. ಕುಂದಗೋಳದಲ್ಲಿ ಪಿಯುಸಿವರೆಗೆ ಓದಿದ್ದ ಹಸನಬಿ ಒಂದು ದಿನ ಬೇಸರ ಕಳೆಯಲೆಂದು, ಯಂತ್ರದ ಸುತ್ತ ಬಿದ್ದ ಧೂಳಹಿಟ್ಟನ್ನು ಕಡಪಾ ಕಲ್ಲಿನ ಮೇಲೆ ಹರವಿ, ಬೆರಳಿನಿಂದ 'ಅ' ಬರೆದು ತೋರಿಸಿದರು. ಪಕ್ಕದಲ್ಲಿದ್ದವಳೂ ಬರೆದಳು. ತಪ್ಪಾಯಿತು, ಅಂಗೈಯಿಂದ ಸವರಿದಳು, ಮತ್ತೆ ಬರೆದಳು. "ಪಾಟಿ ಮ್ಯಾಲ ತಪ್ಪಿದ್ರ ಅಳಸಿದ್ದು ಕಾಣತೈತ್ರಿ. ಹಿಟ್ಟಿನ್ಯಾಗ ತಪ್ಪ ಉಳಿಯೂದ ಇಲ್ಲ" ಎಂದು ನಗುತ್ತಾರೆ ಹಸನಬಿ. ಪಾಠ ಮುಗಿದ ಮೇಲೆ ಆ ಹಿಟ್ಟು ದನದ ಕಲಗಚ್ಚಿನ ಬಾನಿಗೆ ಹೋಗುತ್ತದೆ.

ಕನ್ನಡ ಕೈಗೆ ಹತ್ತಿದ ಮೇಲೆ ಹೆಂಗಸರೇ ಇಂಗ್ಲಿಷ್ ಕೇಳಿದರು. ಬೀಜದ ಚೀಲ, ಗುಳಿಗೆಯ ಪಟ್ಟಿ, ಮೊಬೈಲು, ಹುಬ್ಬಳ್ಳಿಯ ದವಾಖಾನೆಯ ಬೋರ್ಡು, ಎಲ್ಲದರಲ್ಲೂ ಇಂಗ್ಲಿಷೇ. ಹಸನಬಿ ಪಾಠ ಒಪ್ಪಿಸಿಕೊಳ್ಳುವ ರೀತಿ ಬೇರೆ. ಓದುವವರಿಗೆ ಬೆನ್ನು ತಿರುಗಿಸಿ, ಜರಡಿ ಹಿಡಿದು ಕೂಡುತ್ತಾರೆ. "ಮಾರಿ ನೋಡಕೋಂತ ಕುಂತ್ರ ನಾಚಿಕಿ ಬರತೈತ್ರಿ. ಬೆನ್ನಿಗಿ ಹೇಳಾಕ ಯಾಕ ಅಂಜಿಕಿ?" ಯಾರಾದರೂ ತಪ್ಪಿದರೆ ಜರಡಿಯ ಸದ್ದು ನಿಲ್ಲುತ್ತದೆ, ಅಷ್ಟೇ. ಓದಿದವರು ತಾವೇ ತಿದ್ದಿಕೊಂಡರೆ ಮತ್ತೆ ಜರಡಿ ಆಡುತ್ತದೆ.

ಈ ಶಾಲೆಯಲ್ಲಿ ಹುಡುಗಾಟಕ್ಕೇನೂ ಕಡಿಮೆಯಿಲ್ಲ. ಗಂಡನ ಹೆಸರು ಹೇಳುವ ಪಾಠ ಬಂದ ದಿನ ಎಲ್ಲರೂ ಬಾಯಿಗೆ ಸೆರಗು ಇಟ್ಟರಂತೆ. ಕಡೆಗೆ ಅನ್ನವ್ವ ಎಂಬಾಕೆ ಧೈರ್ಯ ಮಾಡಿ, "ಮೈ ಹಸ್ಬಂಡ್ ನೇಮ್ ಈಜ್ ಹೊಳೆಯಪ್ಪ" ಎಂದುಬಿಟ್ಟರು. "ಅಯ್ಯ, ಗಂಡನ ಹೆಸರ ತಗೊಂಡ್ಲಲ್ಲಬೇ!" ಎಂದು ಉಳಿದವರು ಕೂಗಿದಾಗ ಅನ್ನವ್ವ ಹೇಳಿದ್ದು: "ಇಂಗ್ಲಿಷಿನ್ಯಾಗ ತಗೊಂಡ್ರ ಪಾಪ ಹತ್ತೂದಿಲ್ಲ ಬಿಡ್ರಿ. ದೇವರಿಗಿ ಎಲ್ಲಿ ತಿಳೀತೈತಿ?" ಅಂದು ಎಲ್ಲರೂ ಸಾಲಾಗಿ ಗಂಡಂದಿರ ಹೆಸರು ಹೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

ಆದರೆ ಇಂಥ ಶಾಲೆಯೊಂದು ಇದೆ ಎಂದು ಅವರ ಮನೆಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಡವಾಗಿ ಮನೆಗೆ ಹೋದರೆ ಹೇಳಲು ಒಂದೇ ಮಾತು: "ಕರೆಂಟ್ ಇರಲಿಲ್ಲರಿ, ಅತ್ತಿ." ಅದು ನಿಜವೂ ಆಗಿತ್ತು. ಕಳೆದ ಯುಗಾದಿಯ ಹೊತ್ತಿಗೆ ಊರಿಗೆ ಹೊಸ ಲೈನ್ ಬಂತು, ಕರೆಂಟ್ ಹೋಗುವುದೇ ನಿಂತಿತು. ಹಸನಬಿ ಏಳು ಗಂಟೆಗೆ ತಾವೇ ಗಿರಣಿ ನಿಲ್ಲಿಸತೊಡಗಿದರು. ಅವರ ಪತಿ ಗುಲಾಮಹುಸೇನ ಮೆಣಸಿನಕಾಯಿ ಚೀಲ ಟೆಂಪೋಗೆ ಏರಿಸುತ್ತಲೇ ಹೇಳುತ್ತಾರೆ: "ಕರೆಂಟ್ ಇದ್ದೂ ಬಂದ್ ಇರೂ ಗಿರಣಿ ಜಿಲ್ಲಾದಾಗ ನಮ್ಮದೊಂದರಿ. ನಾ ಏನರ ಅಂದ್ರ ನನಗೂ ಪಾಠಾ ಹೇಳ್ತಾಳಂತ ಸುಮ್ಮನ ಅದೀನಿ." ಗಿರಣಿ ನಿಲ್ಲಿಸಿದರೇನು, ಮನೆಯಲ್ಲಿ ಬಲ್ಬು ಉರಿಯುತ್ತಿರುವಾಗ ಅತ್ತೆಯ ಮುಂದೆ ಕರೆಂಟಿನ ಮಾತು ನಡೆಯುವುದಿಲ್ಲ. ಹನ್ನೊಂದು ಜನರಿದ್ದ ಶಾಲೆ ಆರಕ್ಕಿಳಿಯಿತು. ಅನ್ನವ್ವ ಬಾರದೆ ನಾಲ್ಕು ದಿನವಾಯಿತು. ಇನ್ನೊಂದು ವಾರ ಹೀಗೇ ಹೋದರೆ ಶಾಲೆ ಮುಚ್ಚಿದ ಹಾಗೆಯೇ ಎಂಬುದು ಹಸನಬಿಯವರ ಚಿಂತೆ.

"ಆಕೀದು ತಪ್ಪಿಲ್ಲರಿ, ಉಪಾಯ ಹೆಚ್ಚಾತು" ಎಂದು ಅವರೇ ವಿವರಿಸುತ್ತಾರೆ. ಶಾಲೆ ತಪ್ಪಬಾರದೆಂದು ಅನ್ನವ್ವ ದಿನವೂ ಎರಡು ಸೇರು ಜೋಳ ಹೊತ್ತು ತರತೊಡಗಿದರು. ಮನೆಯಲ್ಲಿ ತಿನ್ನುವವರು ಮೂರೇ ಜನ. ಹಿಟ್ಟು ಡಬ್ಬಿಯಲ್ಲಿ ಉಳಿದು ಹಳೆಯದಾಯಿತು. ಜೋಳದ ಹಿಟ್ಟು ಹಳೆಯದಾದರೆ ಜಿಗಿ, ಅಂದರೆ ಅಂಟು, ಹೋಗುತ್ತದೆ. ಅನ್ನವ್ವ ಬಡಿದ ರೊಟ್ಟಿ ಹಂಚಿನ ಮೇಲೆ ಹರಿಯತೊಡಗಿತು. ಅತ್ತೆ ಮಲ್ಲಕ್ಕ ರೊಟ್ಟಿ ನೋಡಿದರು, ಡಬ್ಬಿಗೆ ಕೈ ಹಾಕಿದರು, ಅಡಿಯ ಹಿಟ್ಟು ತೆಗೆದು ಮೂಸಿದರು. ಅಲ್ಲಿಗೆ ಅನ್ನವ್ವನ ಗಿರಣಿಯ ದಾರಿ ಬಂದ್ ಆಯಿತು.

ಏಳು ಗಂಟೆಗೆ ಗಿರಣಿ ನಿಲ್ಲುತ್ತದೆ. ಆರು ಜನ ಕಲ್ಲಿನ ಸುತ್ತ ಕೂತಿದ್ದಾರೆ. ಅಷ್ಟರಲ್ಲಿ ಬಾಗಿಲಲ್ಲಿ ಎತ್ತರದ ಮುದುಕಿಯೊಬ್ಬರು ಬಂದು ನಿಲ್ಲುತ್ತಾರೆ. ಮಲ್ಲಕ್ಕನವರೇ!

"ಏನಬೇ ಹಸನಬಿ, ಕರೆಂಟ್ ಐತಿ, ಗಿರಣಿ ಯಾಕ ನಿಂತೈತಿ?"

ಆರೂ ಜನ ಹಿಟ್ಟಿನ ಮೇಲೆ ಕೈಯಾಡಿಸಿ ಬರೆದದ್ದನ್ನು ಅಳಿಸುತ್ತಾರೆ. ಹಸನಬಿ ಮಾತ್ರ ಎದ್ದು, ತಮ್ಮ ಸೆರಗಿನಿಂದ ಸ್ಟೂಲಿನ ಮೇಲಿನ ಹಿಟ್ಟು ಒರೆಸಿ ಮಲ್ಲಕ್ಕನ ಕಡೆ ಸರಿಸುತ್ತಾರೆ.

"ಸಾಲಿ ನಡದೈತಿ, ಮಲ್ಲಕ್ಕ. ಕುಂದ್ರು."

"ಯಾರ ಸಾಲಿ?"

"ನಿನ್ನ ಸೊಸಿದೂ ಇದ ಸಾಲಿ. ಐದು ವರ್ಷಾತು."

ಮಲ್ಲಕ್ಕ ಕೂಡುವುದಿಲ್ಲ. ಮುಖ ಕೆಂಪಾಗುತ್ತದೆ. "ಐದು ವರ್ಷ ನನ್ನ ಮುಂದ ಸುಳ್ಳ ಹೇಳಿದ್ಲ? ಕಲಿಯಾಕ ಹೋಗ್ತೀನಿ ಅಂದಿದ್ರ ನಾ ಬ್ಯಾಡ ಅಂತಿದ್ದೆನ?"

"ಅಂತಿದ್ದಿ" ಎನ್ನುತ್ತಾರೆ ಹಸನಬಿ ತಣ್ಣಗೆ.

ಮಲ್ಲಕ್ಕ ಸೊಂಟದ ಮೇಲೆ ಕೈಯಿಟ್ಟು ಯೋಚಿಸುತ್ತಾರೆ. "ಹೌದು, ಅಂತಿದ್ದೆ" ಎಂದು ಒಪ್ಪುತ್ತಾರೆ. ಮೂಲೆಯಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ. ಮಲ್ಲಕ್ಕ ಅತ್ತ ಕಣ್ಣು ಬಿಟ್ಟರೂ ಸ್ಟೂಲಿನ ಮೇಲೆ ಕೂಡುತ್ತಾರೆ.

"ನಿನ್ನ ಗುಳಿಗಿ ಯಾರ ಕೊಡ್ತಾರ, ಮಲ್ಲಕ್ಕ?"

"ಆಕೀನ ಕೊಡ್ತಾಳ. ಬಣ್ಣಾ ನೋಡಿ ಕೊಡ್ತಾಳ. ಕೆಂಪು ಮುಂಜಾನಿ, ಬಿಳೀದು ರಾತ್ರಿ."

"ಹೋದ ತಿಂಗಳ ಅಂಗಡಿಯವ ಎರಡೂ ಬಿಳೀವ ಕೊಟ್ಟಾನಲ್ಲ? ಆಕಿ ಹೆಂಗ ಗುರ್ತ ಹಿಡೀತಾಳ?"

ಮಲ್ಲಕ್ಕ ಮೆಲ್ಲಗೆ ಕೇಳುತ್ತಾರೆ: "ಅಂದ್ರ ಆಕಿ ಇಂಗ್ಲಿಷ್ ಓದ್ತಾಳ?"

"ಅರ್ಧಾ ಓದ್ತಾಳ. ಉಳದರ್ಧಾ ಕಲಿಯೂದ್ರಾಗ ನೀ ಬಿಡಿಸಿದಿ."

ಮಲ್ಲಕ್ಕ ಎದ್ದು ಹೋಗುತ್ತಾರೆ. ಹಸನಬಿ ಜರಡಿ ಹಿಡಿಯುತ್ತಾರೆ, ಆದರೆ ಅದು ಆಡುವುದಿಲ್ಲ. ಒಬ್ಬಾಕೆ ಓದಿದ್ದು ಸರಿಯೋ ತಪ್ಪೋ ಯಾರಿಗೂ ತಿಳಿಯುವುದಿಲ್ಲ. ಎಲ್ಲರ ಕಿವಿಯೂ ಬೀದಿಯ ಕಡೆಗಿದೆ.

ಕೊಂಚ ಹೊತ್ತಿಗೆ ಮಲ್ಲಕ್ಕ ಮರಳಿ ಬರುತ್ತಾರೆ. ಸೊಸೆಯ ರಟ್ಟೆ ಹಿಡಿದು ಕರೆತಂದಿದ್ದಾರೆ. ಅನ್ನವ್ವನ ಕೈಗೆ ಇನ್ನೂ ರೊಟ್ಟಿಯ ಹಿಟ್ಟು ಮೆತ್ತಿದೆ. ಬೈಗುಳಕ್ಕೆ ಕರೆತಂದರೋ ಪಾಠಕ್ಕೆ ಕರೆತಂದರೋ ತಿಳಿಯದೆ ಆಕೆ ಅಳುಮುಖ ಮಾಡಿ ನಿಂತಿದ್ದಾರೆ.

"ಕುಂದ್ರಬೇ. ಉಳಿದ ರೊಟ್ಟಿ ನಾ ಬಡೀತೀನಿ. ನಿನ್ನ ರೊಟ್ಟಿ ಹೆಂಗೂ ಹರೀತಾವು" ಎನ್ನುತ್ತಾರೆ ಮಲ್ಲಕ್ಕ. "ಒಂದು ಮಾತ ಕೇಳು. ಇನ್ನ ಮ್ಯಾಲ ಕರೆಂಟಿನ ಮ್ಯಾಲ ಹಾಕಿ ಸುಳ್ಳ ಹೇಳಬ್ಯಾಡ. ಓದಾಕ ಹೊಂಟೀನಿ ಅಂತ ಹೇಳಿ ಹೊರಡು. ಜ್ವಾಳಾನೂ ಹಾಳ ಮಾಡಬ್ಯಾಡ."

ಅನ್ನವ್ವ ಕೂಡುತ್ತಾರೆ. ಪಕ್ಕದಾಕೆ ತಮ್ಮ ಮುಂದಿನ ಹಿಟ್ಟಿನಲ್ಲಿ ಅರ್ಧ ಆಕೆಯ ಕಡೆ ಸರಿಸುತ್ತಾರೆ. ಹಸನಬಿ ಬೆನ್ನು ತಿರುಗಿಸಿ ಕೂತು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಹಿಟ್ಟು ಬಿತ್ತೆಂದು ನನಗೆ ಹೇಳುತ್ತಾರೆ.

ನಿಮಗೇನು ಬೇಕೆಂದು ಕೇಳಿದರೆ ಅವರ ಆಸೆ ಸಣ್ಣದು. "ಬಿಟ್ಟು ಹೋದಾವರು ಇನ್ನೂ ನಾಕು ಮಂದಿ ಅದಾರ್ರಿ. ಅವರ ಅತ್ತಿ ಮಂದೀನೂ ಒಮ್ಮೆ ಬೈಯಾಕ ಇಲ್ಲಿಗಿ ಬರಲಿ. ಸ್ಟೂಲ್ ಒರಸಿ ಇಡ್ತೀನಿ."

ಹೊರಗೆ ಮಲ್ಲಕ್ಕ ಇನ್ನೂ ಹೋಗಿಲ್ಲ, ಮೆಟ್ಟಿಲ ಮೇಲೆ ನಿಂತು ಒಳಗೆ ಇಣುಕುತ್ತಿದ್ದಾರೆ. ಸೈಕಲ್ಲಿನ ಮೇಲೆ ಚೀಲ ಹೇರಿಕೊಂಡು ಬಂದ ರೈತ ಯಲ್ಲಪ್ಪ ಸದ್ದಿಲ್ಲದ ಗಿರಣಿ ನೋಡಿ, "ಏನ್ ಮಲ್ಲಕ್ಕ, ಕರೆಂಟ್ ಹೋತೇನು?" ಎಂದು ಕೇಳುತ್ತಾರೆ.

ಮಲ್ಲಕ್ಕನ ದನಿ ಇಡೀ ಓಣಿಗೆ ಕೇಳುತ್ತದೆ. "ಕರೆಂಟಿಗೇನ ಧಾಡಿ? ನಮ್ಮ ಸೊಸಿ ಒಳಗ ಇಂಗ್ಲಿಷ್ ಓದಾಕತ್ತಾಳ. ತಡದ ಬಾ!"

ಒಳಗೆ ಹಸನಬಿ ಕೈಯಲ್ಲಿದ್ದ ಜರಡಿಯನ್ನು ಕೆಳಗಿಡುತ್ತಾರೆ. ನನ್ನ ಕಡೆ ವಾಲಿ, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ ಹೇಳುತ್ತಾರೆ:

"ಐದು ವರ್ಷದಾಗ ನಮ್ಮ ಸಾಲಿ ಮಾತ ಓಣ್ಯಾಗ ಯಾರರ ಬಾಯಿಬಿಟ್ಟ ಹೇಳಿದ್ದು ಇವತ್ತ ಮೊದಲರಿ."