ಗಡಿಕಲ್ಲಿನ ಆಚೆಯ ಕೆಂಪು ಸೆರಗು

ಸಾವಿರದ ಒಂಬೈನೂರ ಹದಿನೆಂಟನೆಯ ಇಸವಿಗೆ ನಾನು ಶಾಲೆ ಬಿಟ್ಟೆ. ನಾಲ್ಕನೆಯ ಇಯತ್ತೆ ಅರ್ಧಕ್ಕೆ ನಿಂತಿತು. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಅಂದಿನಿಂದ ಒಬ್ಬರ ಮುಂದೆ ಕೈಯೊಡ್ಡದೆ ನೇಯ್ದು ಉಂಡವನು ನಾನು. ನಾನು ನೇಯ್ದ ಸೀರೆಯನ್ನು ಜಗ್ಗಿ ನೋಡಿದ ಸಾವಕಾರರು ಬಹಳ ಮಂದಿ, ಮರಳಿಸಿದವರು ಯಾರೂ ಇಲ್ಲ. ಆದರೆ ಆ ಚಳಿಗಾಲದ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತಬಾರದೆಂದು ಹೇಳುವವರೆಲ್ಲ ಹೋದ ಮೇಲೆ ಈಗ ಬರೆಯುತ್ತಿದ್ದೇನೆ.

ಆ ಕಾಲಕ್ಕೆ ರಬಕವಿ ಬೇರೆ, ಬನಹಟ್ಟಿ ಬೇರೆ. ನಡುವೆ ಇದ್ದದ್ದು ಒಂದಿಷ್ಟು ಎರೆ ಹೊಲ, ಒಂದು ಗಡಿಕಲ್ಲು. ಕಲ್ಲಿನ ಈಚೆ ನಾವು ಸಾಂಗಲಿ ಸಂಸ್ಥಾನದವರು, ಆಚೆ ಅವರು ಜಮಖಂಡಿಯವರು. ಎರಡೂ ನೇಕಾರರ ಊರು. ಬೆಳಗಾದರೆ ಎರಡೂ ಕಡೆ ಬೀದಿಯುದ್ದಕ್ಕೂ ನೂಲಿನ ಹಾಸು ಹಿಡಿದು ಗಂಜಿ ಬಳಿಯುವವರು, ಎರಡೂ ಕಡೆ ಅದೇ ಹುಳಿ ವಾಸನೆ, ಅದೇ ನೀಲಿ ಬಣ್ಣದ ಕೈಗಳು. ನಾವು ಹುಡುಗರು ಹೊಲದಲ್ಲಿ ಚಿಣಿಪಣಿ ಆಡುವಾಗ ಚಿಣಿ ಕಲ್ಲು ದಾಟಿ ಬಿದ್ದರೆ "ಪರರಾಜ್ಯಕ್ಕ ಹೋತಲೇ" ಎಂದು ಕೂಗುತ್ತಿದ್ದೆವು.

ಊರಿಗೆ ಊರು ಕಾಲೆಳೆಯುವುದು ಮಾತ್ರ ನಿಲ್ಲುತ್ತಿರಲಿಲ್ಲ. ರಬಕವಿಯ ಸೀರೆಯಲ್ಲಿ ನೂಲಿಗಿಂತ ಗಂಜಿಯೇ ಹೆಚ್ಚು ಎಂದು ಅವರು. ಬನಹಟ್ಟಿಯ ಸೀರೆ ಒಮ್ಮೆ ಒಗೆದರೆ ಮೊಣಕಾಲಿಗೆ ಬರುತ್ತದೆ ಎಂದು ನಾವು. ಈ ಮಾತನ್ನು ಎಲ್ಲರಿಗಿಂತ ಜೋರಾಗಿ ಆಡುತ್ತಿದ್ದವಳು ನನ್ನ ಅವ್ವ. ಅಂಥವಳು ಮಗಳನ್ನು ಕೊಟ್ಟದ್ದು ಮಾತ್ರ ಬನಹಟ್ಟಿಗೇ.

ನನ್ನ ಅಕ್ಕ ಗೌರವ್ವನ ಮದುವೆಗೆ ಅಪ್ಪ ತಾನೇ ಕುಣಿಮಗ್ಗದಲ್ಲಿ ಕುಳಿತು ಸೀರೆ ನೇಯ್ದ. ಹಸಿರು ಒಡಲು, ಅಂಗೈ ಅಗಲದ ದಡಿ, ಕೆಂಪು ಸೆರಗು. ಅಕ್ಕ ಎತ್ತರದವಳು. ಅದಕ್ಕೆ ಅಪ್ಪ ಉದ್ದವನ್ನೂ ಅಗಲವನ್ನೂ ಒಂದಿಷ್ಟು ಜಾಸ್ತಿಯೇ ಹಿಡಿದಿದ್ದ. ಅಕ್ಕನ ಅತ್ತೆ ಬಸಲಿಂಗವ್ವ ಮದುವೆಯ ದಿನ ಸೀರೆಯ ದಡಿಯನ್ನು ಬೆರಳಲ್ಲಿ ತಿಕ್ಕಿ, "ಗಂಜಿ ಉದುರೀತು, ಹಗೂರಕ ಮಡಚ್ರಿ" ಎಂದಿದ್ದಳು. ಅವ್ವ ಕೂಡಲೇ, "ಸೊಸಿ ಎತ್ತರ ಅದಾಳ ಬೀಗತಿ. ನಿಮ್ಮೂರ ಸೀರಿ ಉಡಿಸಿ ಆಕಿ ಮಾನ ಕಳೀಬ್ಯಾಡ" ಎಂದಳು. ಚಪ್ಪರದಲ್ಲಿ ಎರಡೂ ಊರಿನವರು ನಕ್ಕರು.

ಅದರ ಮರುವರ್ಷ, ದೀಪಾವಳಿಯ ಬೆನ್ನಿಗೇ, ನಮ್ಮ ಓಣಿಯಲ್ಲಿ ಇಲಿ ಸತ್ತು ಬಿದ್ದವು. ಆಮೇಲೆ ಮನುಷ್ಯರು. ಕಂಕುಳಲ್ಲಿ ಗಂಟು, ಸುಡುವ ಜ್ವರ, ಎರಡು ದಿನಕ್ಕೆ ಮುಗಿಯುತ್ತಿತ್ತು. ಊರು ಖಾಲಿ ಮಾಡಲು ಡಂಗುರ ಸಾರಿದರು. ಅಪ್ಪ ಅರ್ಧ ನೇಯ್ದ ಸೀರೆಯನ್ನು ಮಗ್ಗದ ಮೇಲೇ ಬಿಟ್ಟು ಬಾಗಿಲು ಎಳೆದುಕೊಂಡ. ಗಡಿಕಲ್ಲಿನ ಹತ್ತಿರದ ಹೊಲದಲ್ಲಿ ಗುಡಿಸಲು ಹಾಕಿಕೊಂಡೆವು. ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ ಮಗ್ಗದ ಸಪ್ಪಳ ಅಂದು ಇರಲಿಲ್ಲ. ಊರ ಕಡೆಯಿಂದ ನಾಯಿ ಕೂಡ ಬೊಗಳಲಿಲ್ಲ.

ಆಚೆ ಬನಹಟ್ಟಿಯವರೂ ಹೀಗೆಯೇ ಹೊರಬಿದ್ದಿದ್ದರು. ಎರಡೂ ಸಂಸ್ಥಾನದವರು ಕಲ್ಲಿನ ಎರಡೂ ಬದಿಗೆ ಕಾವಲು ಹಾಕಿದರು. ಯಾರೂ ಆಚೀಚೆ ದಾಟುವ ಹಾಗಿಲ್ಲ. ಆದರೆ ಕೂಗುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಸಂಜೆಗೆ ಈಚೆ ಒಂದು ಗುಂಪು, ಆಚೆ ಒಂದು ಗುಂಪು, ನಡುವೆ ಮೊಣಕಾಲೆತ್ತರದ ಜೋಳ.

"ನಮ್ಮೆಮ್ಮಿ ಈದೈತೇನ್ಲೇ?" ಎಂದು ಆಚೆ ಉಳಿದ ಎಮ್ಮೆಗಾಗಿ ಈಚೆಯವನೊಬ್ಬ ಕೂಗುವನು.

"ಈದೈತಿ. ಹಾಲ ನಾವ ಕುಡ್ಯಾಕತ್ತೇವಿ. ನೀ ಏನೂ ಚಿಂತಿ ಮಾಡಬ್ಯಾಡ."

ಇಂಥ ಮಾತಿನ ನಡುವೆಯೇ ಯಾರೋ ಹೋದ ಸುದ್ದಿಯೂ ಬರುತ್ತಿತ್ತು. ಆಗ ಈಚೆಯವರು ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು.

ಅಕ್ಕನ ಗಂಡ ಸೊಲ್ಲಾಪುರದ ಗಿರಣಿಗೆ ಹೋದವನು ಅಲ್ಲಿಯೇ ಸಿಕ್ಕಿಬಿದ್ದಿದ್ದ. ಅಕ್ಕ, ಅತ್ತೆಯ ಜೊತೆ ದಿನಾ ಬರುತ್ತಿದ್ದಳು. ಅವ್ವನ ಕಣ್ಣು ಅಷ್ಟು ದೂರಕ್ಕೆ ಸೋಲುತ್ತಿತ್ತು.

"ಗೌರಾ, ನಾಳಿಂದ ಮದಿವಿ ಸೀರಿ ಉಟ್ಕೊಂಡ ಬಾ. ಮುಖ ಕಾಣಂಗಿಲ್ಲ ನನಗ. ಆ ಸೆರಗ ಕಾಣತೈತಿ."

"ಹೊಲದಾಗ ಹಾಳಾಗತೈತಿ ಬೇ."

"ಹಾಳಾಗಲಿ. ನಿಮ್ಮಪ್ಪ ಇನ್ನೊಂದ ನೇಯತಾನ."

"ನಾ ಇನ್ನಾ ಹೂಂ ಅಂದಿಲ್ಲ" ಎಂದ ಅಪ್ಪ.

ಮರುದಿನದಿಂದ ಅಕ್ಕ ಆ ಸೀರೆಯಲ್ಲೇ ಬಂದಳು. ಅವ್ವ "ಉಂಡ್ಯಾ?" ಎಂದು ಕೂಗುವಳು. "ಉಂಡೇನ್ಬೇ. ಶಿವ್ಯಾ ಸಾಲಿಗೆ ಹೊಂಟಾನೇನ?" ಎಂದು ಅವಳು. "ಸಾಲಿ ಮುಚ್ಚೈತಿ" ಎಂದು ನಾನೇ ಕೂಗಿದರೆ, "ನಿನ್ನ ನಸೀಬ ಛಲೋ ಐತಿ ಬಿಡೋ ತಮ್ಮಾ" ಎಂದು ನಗುವಳು. ಗುಡಿಸಲಿಗೆ ಮರಳಿ ಬಂದು ನಾವು ಬಿಸಿರೊಟ್ಟಿ, ಶೇಂಗಾ ಹಿಂಡಿ ಉಣ್ಣುವಾಗ ಅವ್ವನ ಮುಖದಲ್ಲಿ ಗೆಲುವಿರುತ್ತಿತ್ತು.

ಒಂದು ಸಂಜೆ ಅಕ್ಕ ಬರಲಿಲ್ಲ. ಮರುದಿನವೂ ಇಲ್ಲ. ಅವ್ವ ಕತ್ತಲಾಗುವತನಕ ನಿಂತಳು. ಅದರ ಮರುದಿನ ಕೆಂಪು ಸೆರಗು ಕಂಡಿತು. ಜೋಳದ ನಡುವೆ ಹಾದು ಬಂದು ನಿಂತಿತು, ಜೊತೆಗೆ ಬಸಲಿಂಗವ್ವ.

"ಉಂಡ್ಯಾ ಗೌರಾ?"

ಉತ್ತರಕ್ಕೆ ಒಂದು ಕೈ ಮೇಲೆದ್ದಿತು. ಬಸಲಿಂಗವ್ವ ಕೂಗಿದಳು: "ಗಂಟಲಾ ಕೂತೈತಿ ಆಕಿಗೆ. ಮಾತ ಹೊಂಡವಲ್ದು."

ಅವ್ವ ಕಣ್ಣು ಕಿರಿದು ಮಾಡಿ ಆ ಸೆರಗನ್ನು ನೋಡಿದಳು. ಆಮೇಲೆ, "ಹಂಗಾರ ಮಾತಾಡಬ್ಯಾಡ. ನಾ ಹೇಳತೇನಿ, ಕೇಳ" ಎಂದಳು.

ಅಂದಿನಿಂದ ಅವ್ವ ಏನನ್ನೂ ಕೇಳಲಿಲ್ಲ, ಬರೀ ಹೇಳಿದಳು. ಇವತ್ತು ಝುಣಕ ಮಾಡಿದ್ದೆ, ಶಿವ್ಯಾನ ಕಾಲಿಗೆ ಮುಳ್ಳು ನೆಟ್ಟಿತು, ಗುಡಿಸಲಿಗೆ ಹೊಸ ಕಣಕಿ ಹೊದಿಸಿದೆವು. ಕಡೆಗೆ ಮಾತ್ರ ಒಮ್ಮೆ "ಉಂಡ್ಯಾ?" ಎನ್ನುವಳು. ಕೈ ಏಳುತ್ತಿತ್ತು. ಅಪ್ಪ ಕಲ್ಲಿನ ಕಡೆ ಬರುವುದನ್ನೇ ಬಿಟ್ಟ. ಹೊತ್ತು ಮುಳುಗಿದ ಮೇಲೆ ಹಸಿರು ಒಡಲು ಮೊದಲು ಜೋಳದಲ್ಲಿ ಕರಗುತ್ತಿತ್ತು. ಕೆಂಪು ಸೆರಗು ಒಂದೇ, ಒಳಗೆ ಯಾರೂ ಇಲ್ಲದ ಹಾಗೆ, ಇನ್ನೂ ಸ್ವಲ್ಪ ಹೊತ್ತು ನಿಂತಿರುತ್ತಿತ್ತು. ನನಗೆ ಯಾಕೋ ಅದನ್ನು ನೋಡುವುದು ಬೇಡವಾಗುತ್ತಿತ್ತು. ಅಕ್ಕನನ್ನು ನೋಡಲು ಹೆದರುವುದೆಂದರೆ ಏನು ಎಂದು ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಹೋಳಿಯ ಮುಂದೆ ಪ್ಲೇಗಿನ ಬ್ಯಾನಿ ಇಳಿಯಿತು. ಕಾವಲು ತೆಗೆದ ದಿನವೇ ಅವ್ವ, ಅಪ್ಪ, ನಾನು ಬನಹಟ್ಟಿಗೆ ಹೋದೆವು. ಬಾಗಿಲಲ್ಲಿ ಅಕ್ಕನ ನಾದಿನಿ ನೀಲವ್ವ ನಿಂತಿದ್ದಳು. ಅಕ್ಕನಿಗಿಂತ ಚಿಕ್ಕವಳು, ಎತ್ತರ ಮಾತ್ರ ಅಷ್ಟೇ. ಅವ್ವ ಗೌರಾ ಎಲ್ಲಿ ಎಂದು ಕೇಳಲಿಲ್ಲ. ನೀಲವ್ವನ ಕೈ ಹಿಡಿದು, "ದಿನಾ ಅಷ್ಟ ದೂರ ಬಂದಿ. ಕಾಲ ನೋಯಲಿಲ್ಲೇನ ಯವ್ವಾ?" ಎಂದಳು. ಆ ಹುಡುಗಿ ಅಲ್ಲಿಯೇ ಕುಸಿದು ಅಳತೊಡಗಿತು. ನಾನು ಇನ್ನೂ ಅಕ್ಕನನ್ನು ಹುಡುಕುತ್ತ ಒಳಮನೆ, ಹಿತ್ತಲು ಎಲ್ಲ ತಿರುಗಿ ಬಂದೆ. ಮರಳಿ ಬಂದಾಗ ಅಪ್ಪನ ಮುಖ ನೋಡಿ ತಿಳಿಯಿತು.

ಬಸಲಿಂಗವ್ವ ಗೋಡೆಗೆ ಒರಗಿದ್ದಳು. "ನಿನಗ ಯಾವಾಗ ತಿಳೀತು?"

"ಮೊದಲನೇ ಸಂಜಿಗೇ. ನನ್ನ ಮಗಳು ಬದುವಿನ ಮ್ಯಾಲ ಬರತಿದ್ಲು, ಮಂದಿ ಪೈರ ತುಳೀತಿರಲಿಲ್ಲ. ಈಕಿ ಹೊಲದಾಗ ನಟ್ಟನಡು ಬಂದ್ಲು."

"ಮತ್ತ ದಿನಾ ಯಾಕ ಕೂಗತಿದ್ದಿ?"

"ನೀ ದಿನಾ ಕರಕೊಂಡ ಬರತಿದ್ದಿ."

ಆದರೆ ಅವ್ವನಿಗೆ ಕೇಳಬೇಕಾದದ್ದು ಬೇರೆಯೇ ಇತ್ತು. ನಮ್ಮಲ್ಲಿ ಮುತ್ತೈದೆ ತೀರಿದರೆ ಕಡೆಯ ಸೀರೆ ತವರಿನದು. ತವರಿನ ಸೀರೆ ಉಡಿಸದೆ ಮಣ್ಣು ಕೊಡುವುದಿಲ್ಲ. ಗಡಿ ಮುಚ್ಚಿದಾಗ ನಾವು ಒಯ್ಯುವ ಹಾಗಿರಲಿಲ್ಲ. ಆ ಮನೆಯಲ್ಲಿದ್ದ ತವರಿನ ಸೀರೆ ಒಂದೇ, ಅದು ದಿನಾ ಸಂಜೆ ನೀಲವ್ವನ ಮೈಮೇಲೆ ಕಲ್ಲಿನ ತನಕ ಬಂದಿತ್ತು.

"ಏನ ಉಡಿಸಿ ಕಳಿಸಿದಿ ನನ್ನ ಮಗಳಿಗೆ?"

ಬಸಲಿಂಗವ್ವ ತಲೆ ತಗ್ಗಿಸಿಯೇ ಹೇಳಿದಳು: "ನಂದ. ನಾ ಸತ್ತಾಗ ಆಕ್ಕೈತಂತ ಪೆಟಿಗ್ಯಾಗ ಇಟ್ಟಿದ್ದೆ. ನಮ್ಮ ಮಗ್ಗದಾಗ ನೇಯ್ದದ್ದು. ನಿನ್ನ ಸೀರಿ ಮಣ್ಣಿಗೆ ಹಾಕಿದ್ರ, ಸಂಜಿಗೆ ನಿನಗ ಏನ ತೋರಸ್ಲಿ?"

"ಬನಹಟ್ಟೀದ."

"ಹೂಂ. ಬನಹಟ್ಟೀದ."

ಅವ್ವ ಅಲ್ಲಿಯೇ ನೆಲಕ್ಕೆ ಕುಳಿತಳು. "ಉದ್ದ ಸಾಕಾತೇನ ಆಕಿಗೆ?" ಎಂದಳು.

"ಸಾಕಾತು."

ಮದುವೆಯ ಸೀರೆಯನ್ನು ನೀಲವ್ವ ಮಡಚಿ ತಂದು ಕೊಟ್ಟಳು. ಅವ್ವ ಮುಟ್ಟಲಿಲ್ಲ, ಬೈಯಲೂ ಇಲ್ಲ. "ನಾನ ಕೇಳಿ ಉಡಸ್ಕೊಂಡೆ" ಎಂದಳಷ್ಟೆ. ತಾನು ಆ ಸೀರೆ ತೋರಿಸು ಎನ್ನದಿದ್ದರೆ ಮಗಳು ಅದನ್ನುಟ್ಟು ಹೋಗುತ್ತಿದ್ದಳು ಎಂಬ ಲೆಕ್ಕ ಅವಳ ಎದೆಯಲ್ಲಿ ಕುಳಿತುಬಿಟ್ಟಿತು. ಅದನ್ನು ಎಬ್ಬಿಸುವುದು ನಮ್ಮಿಂದ ಆಗಲಿಲ್ಲ.

ಊರಿಗೆ ಬಂದ ಅಪ್ಪ ಮಗ್ಗದ ಮೇಲಿದ್ದ ಅರ್ಧ ಸೀರೆಯನ್ನು ಕತ್ತರಿಸಿ ತೆಗೆದ. ಯಾವ ನೇಕಾರನೂ ಮಾಡದ ಕೆಲಸ ಅದು. ಹೊಸ ಹಾಸು ಏರಿಸಿದ.

"ಯಾರಿಗೆ?" ಎಂದಳು ಅವ್ವ.

"ಬೀಗತಿಗೆ. ಆಕಿ ಪೆಟಿಗಿ ಖಾಲಿ ಐತಿ."

ಆದರೆ ಕುಣಿಯಲ್ಲಿ ಕಾಲಿಳಿಸಿ ಕುಳಿತವನ ಬಲಗೈ ಲಾಳಿ ಎಸೆಯಲೊಲ್ಲದು. ಎಸೆದರೆ ನಡುವೆಯೇ ನಿಲ್ಲುವುದು. ಅಪ್ಪ ಎದ್ದು ನನ್ನನ್ನು ಕೂರಿಸಿದ. "ನಾಳಿ ಸಾಲಿ ತೆರೀತಾರಂತ" ಎಂದೆ. "ತೆರೀಲಿ. ನೀ ಲಾಳಿ ಹಿಡಿ" ಎಂದ. ಒಡಲು ಪೂರ್ತಿ ನಾನು ನೇಯ್ದೆ, ಅಪ್ಪ ಮಗ್ಗುಲಲ್ಲಿ ನಿಂತು ಒಂದೊಂದು ಎಳೆಗೂ ಬೈದ. ಸೆರಗಿಗೆ ಮಾತ್ರ ತಾನೇ ಕುಳಿತ. ನನ್ನ ಮೊದಲ ಸೀರೆ ಅದು. ಬಸಲಿಂಗವ್ವ ಅದನ್ನು ತೊಡೆಯ ಮೇಲೆ ಹರಡಿಕೊಂಡು ಬೆರಳಲ್ಲಿ ತಿಕ್ಕಿ, "ಗಂಜಿ ಜಾಸ್ತಿ ಆಗೈತಿ" ಎಂದಳು. ಎಂದವಳ ಗಲ್ಲ ಪೂರಾ ತೋಯ್ದಿತ್ತು. ಮುಂದೆ ಅವಳು ಹೋದಾಗ ಅದನ್ನೇ ಉಡಿಸಿದರು, ನಾನೇ ಕಂಡಿದ್ದೇನೆ.

ಅವ್ವ ಇರುವತನಕ ಸಂಜೆಗೆ ಗಡಿಕಲ್ಲಿಗೆ ಹೋಗುವುದನ್ನು ಬಿಡಲಿಲ್ಲ. ಖಾಲಿ ಹೊಲಕ್ಕೆ "ಉಂಡ್ಯಾ?" ಎನ್ನುವಳು, ಕಿವಿಗೊಟ್ಟು ನಿಲ್ಲುವಳು. ಮಗ್ಗ ನಿಲ್ಲಿಸಿ ನಾನು ಹೋಗಿ ಕೈ ಹಿಡಿದು ಕರೆತರುತ್ತಿದ್ದೆ. ನನಗೆ ದೆವ್ವ ಪಿಶಾಚಿಯಲ್ಲಿ ನಂಬಿಕೆಯಿಲ್ಲ. ಆದರೆ ಒಂದು ಸಂಜೆ, ಅವ್ವ ಕೂಗಿದ ಮೇಲೆ, ಬದುವಿನ ಗುಂಟ ಹುಲ್ಲು ಒಂದೇ ಸಾಲಿನಲ್ಲಿ ಬಾಗುತ್ತ ನಮ್ಮ ಕಡೆ ಬಂತು. ಗಾಳಿ ಇರಲಿಲ್ಲ. ಅವ್ವ ಅದನ್ನು ನೋಡಿ, "ನಡಿ, ಆತು" ಎಂದಳು. ಮನೆಯವರೆಗೆ ನಾನು ಹಿಂತಿರುಗಿ ನೋಡಲಿಲ್ಲ.

ಈ ವರ್ಷ ಸಂಸ್ಥಾನಗಳು ಹೋದವು. ಅವರ ಪೊಲೀಸ, ನಮ್ಮ ಪೊಲೀಸ ಎನ್ನುವುದು ಮುಗಿಯಿತು. ಆ ಎರೆ ಹೊಲದಲ್ಲಿ ಎರಡೂ ಕಡೆಯಿಂದ ಮನೆಗಳು ಏಳುತ್ತಿವೆ, ಇಂದಲ್ಲ ನಾಳೆ ಊರು ಒಂದಾಗುತ್ತದೆ. ದಾಟಬೇಡ ಎನ್ನುವವರಿಲ್ಲ. ನನಗೆ ಮಾತ್ರ ದಾಟಿ ಹೋಗಬೇಕಾದ ಮನೆ ಆಚೆ ಉಳಿದಿಲ್ಲ. ಬಸಲಿಂಗವ್ವ ಇಲ್ಲ, ಅಕ್ಕನ ಗಂಡ ಸೊಲ್ಲಾಪುರದಿಂದ ಮರಳಲೇ ಇಲ್ಲ. ನೀಲವ್ವನನ್ನು ಗಲಗಲಿಗೆ ಕೊಟ್ಟಿದ್ದರು. ಪಂಚಮಿಗೆ ನಮ್ಮ ಮನೆಗೇ ಬರುತ್ತಿದ್ದಳು, ನನ್ನನ್ನು ತಮ್ಮಾ ಎನ್ನುತ್ತಿದ್ದಳು. ಹೋದ ಮಳೆಗಾಲ ಅವಳೂ ತೀರಿದಳು. ತವರಿನ ಸೀರೆಯನ್ನು ನಾನು ಒಯ್ದೆ.

ಈಗ ನನಗಿರುವುದು ಇಷ್ಟು: ಐದು ಮಗ್ಗ, ಮೂರು ಅಂಕಣದ ಸ್ವಂತ ಮನೆ, ಒಂದು ಎಮ್ಮೆ, ಹೆಂಡತಿ, ಇಬ್ಬರು ಗಂಡುಮಕ್ಕಳು. ಅಕ್ಕ ಎಂದು ಕರೆಯಲು ಯಾರೂ ಇಲ್ಲ.